ಸಮುದ್ರ ವಾಪಸ್ ಕಳಿಸಿದ ಸೀರೆ

ನಾನು ಹಾವಿಗೆ ಹೆದರುವವನಲ್ಲ. ಕತ್ತಲೆಗೂ ಹೆದರುವುದಿಲ್ಲ, ಜತೆಗೆ ಯಾರಾದರೂ ಇದ್ದರೆ. ನನ್ನ ಎದೆ ಝಲ್ಲೆನ್ನುವುದು ಒಂದೇ ಒಂದು ಮಾತಿಗೆ, ಅದು ‘ವಾಪಸ್’. ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವ ಯಾರನ್ನು ಬೇಕಾದರೂ ಕೇಳಿ, ಹೀಗೇ ಹೇಳುತ್ತಾರೆ. ನೇಯ್ದು, ಮಡಿಸಿ, ಗಂಟು ಕಟ್ಟಿ, ಮನಸ್ಸಿನಲ್ಲೇ ಕೈಮುಗಿದು ಪೇಟೆಗೆ ಕಳಿಸಿದ ಮಾಲು ಹೋದ ದಾರಿಯಲ್ಲೇ ತಿರುಗಿ ಬಂದು ಬಾಗಿಲ ಮುಂದೆ ಕೂತಿತೆಂದರೆ ಮುಗಿದೇ ಹೋಯಿತು. ಅಂಚಿನಲ್ಲಿ ಎಳೆ ಹರಿದಿದೆ, ಸೆರಗಿನ ಬಣ್ಣ ಹೊಂದಿಲ್ಲ, ಏನೋ ಒಂದು ನೆಪ. ಓಣಿಯವರು ನೋಡುವ ಮೊದಲೇ ಗಂಟನ್ನು ಒಳಗೆ ಎಳೆದುಕೊಳ್ಳಬೇಕೆಂದು ಓಡುತ್ತೇನೆ. ಅಷ್ಟರಲ್ಲಿ ಅವರು ನೋಡಿ ಆಗಿರುತ್ತದೆ. “ಏನ್ರಿ ಕಾಕಾ, ಮಾಲು ಹೊಳ್ಳಿ ಬಂತೇನ್ರಿ?” ಎಂದು, ಬೀಗರು ಬಂದರೇ ಎಂದು ವಿಚಾರಿಸುವ ದನಿಯಲ್ಲಿ ವಿಚಾರಿಸುತ್ತಾರೆ. ವ್ಯಾಪಾರಿಗಳು ವಾಪಸ್ ಕಳಿಸುವುದು ಹೋಗಲಿ, ನನ್ನ ಮಾಲನ್ನು ಸಮುದ್ರ ಕೂಡ ವಾಪಸ್ ಕಳಿಸಿತು. ಆ ಸಂಕಟವನ್ನು ಯಾರ ಮುಂದಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಮ್ಮ ಒಬ್ಬಳೇ ಮಗಳು ಸವಿತಾಳನ್ನು ಸಾಲಿ ಮಾಸ್ತರರಿಗೆ ಕೊಟ್ಟಿದ್ದೇವೆ. ಅಳಿಯಂದಿರಿಗೆ ಕೆಲಸ ಸಿಕ್ಕಿದ್ದು ಘಟ್ಟದ ಕೆಳಗೆ, ಸಮುದ್ರದ ದಂಡೆಯ ಒಂದು ಪುಟ್ಟ ಮೀನುಗಾರರ ಊರಿನಲ್ಲಿ. ಮಗಳಿಗೆ ಮೊದಲ ಸಲ ದಿನ ನಿಂತಾಗ ನಾವೆಲ್ಲ ಹಿಗ್ಗಿದ್ದೇ ಹಿಗ್ಗಿದ್ದು, ಮೂರನೇ ತಿಂಗಳಲ್ಲಿ ಆ ಆಸೆ ಕೈಬಿಟ್ಟಿತು. ಎರಡನೇ ಸಲ ಸುದ್ದಿ ಬಂದಾಗ ಮನೆಯಲ್ಲಿ ಯಾರೂ ಹಿಗ್ಗಲಿಲ್ಲ, ಉಸಿರು ಬಿಗಿ ಹಿಡಿದು ಕೂತೆವು. ನಮ್ಮ ಮನೆಯಾಕೆ ಗೌರವ್ವ ಮಾತ್ರ ಯಾರಿಗೂ ಹೇಳದೆ ಕೃಷ್ಣಾ ಹೊಳೆಗೆ ಹೋಗಿ ಹರಕೆ ಹೊತ್ತು ಬಂದಳು. “ನನ್ನ ಮಗಳಿಗೆ ಏಳು ತಿಂಗಳು ತುಂಬಿಸವ್ವ. ಆಕಿ ಯಾವ ನೀರಿನ ದಂಡಿಮ್ಯಾಲ ಅದಾಳೋ ಅಲ್ಲಿಗೇ ಬಂದು ನಿನಗ ಉಡಿ ತುಂಬತೇನಿ” ಅಂದಿದ್ದಳಂತೆ. ತವರಿಗೆ ಬಂದ ಹೆಣ್ಣುಮಗಳ ಮಡಿಲಿಗೆ ಸೀರೆ, ಖಣ, ಅಕ್ಕಿ, ಕೊಬ್ಬರಿ ಹಾಕಿ ಕಳಿಸುತ್ತೇವಲ್ಲ, ಹಾಗೆಯೇ ನಮ್ಮ ಕಡೆ ಹೊಳೆಗೂ ಉಡಿ ತುಂಬುತ್ತೇವೆ. ಮೊರದಲ್ಲಿಟ್ಟು ನೀರಿಗೆ ಬಿಟ್ಟರೆ ಹೊಳೆ ಅದನ್ನು ಹೊತ್ತುಕೊಂಡು ಹೋಗುತ್ತದೆ, ನಾವು ನಿಶ್ಚಿಂತೆಯಿಂದ ಮನೆಗೆ ಬರುತ್ತೇವೆ.

ಏಳು ತಿಂಗಳು ತುಂಬಿದವು. ನಾವಿಬ್ಬರೂ ಹೋಗಿ ಹರಕೆ ಮುಟ್ಟಿಸಿ, ಮರುದಿನ ಕಾರು ಮಾಡಿಕೊಂಡು ಮಗಳನ್ನು ಕುಬಸಕ್ಕೂ, ಅಂದರೆ ಸೀಮಂತಕ್ಕೂ, ಬಾಣಂತನಕ್ಕೂ ಕರೆದುಕೊಂಡು ಬರುವುದೆಂದು ನಿಶ್ಚಯವಾಯಿತು. ಗಂಗೆಗೆ ಕೊಡುವ ಸೀರೆ ಅಂಗಡಿಯದಾದರೆ ಹೇಗೆ? ನಮ್ಮ ಮಗ್ಗದ್ದೇ ಆಗಬೇಕು. ಹಸಿರು ಒಡಲು, ಕೆಂಪು ಅಂಚು. ನೇಯುವವನ ಪಕ್ಕದಲ್ಲೇ ನಿಂತು ಕಣ್ಣು ಪಿಳುಕಿಸದೆ ನೋಡಿದೆ. ಕೊನೆಗೆ ಅವನೇ, “ಸಾವಕಾರ್ರ, ನೀವು ಹಿಂಗ ನಿಂತ್ರ ನನ್ನ ಕೈ ನಡಗತಾವ್ರಿ, ಛಾ ಕುಡದ ಬರ್ರಿ” ಎಂದು ನನ್ನನ್ನು ಆಚೆ ಅಟ್ಟಿದ. ಎಂಥ ದೊಡ್ಡ ವ್ಯಾಪಾರಿಗೂ ನಾನು ಅಷ್ಟು ಹೆದರಿ ಸೀರೆ ನೇಯಿಸಿದವನಲ್ಲ.

ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಮಗಳ ಊರು ಮುಟ್ಟಿದೆವು. ಊರು ಚಂದವೇ ಇದೆ ಅನ್ನಿ. ಒಂದು ಸಾಲು ಹೆಂಚಿನ ಮನೆ, ಅವುಗಳ ಹಿಂದೆ ತೆಂಗಿನ ಮರ, ಮುಂದೆ ಮರಳಿನ ಮೇಲೆ ಮಗುಚಿಟ್ಟ ದೋಣಿಗಳು, ಒಣಗಲು ಹರವಿದ ಮೀನು. ಆದರೆ ಸೆಖೆ ಮಾತ್ರ ನಮಗೆ ಗೊತ್ತಿರುವ ಸೆಖೆಯಲ್ಲ. ನಮ್ಮ ಬಿಸಿಲು ಎದುರಿಗೆ ನಿಂತು ಹೊಡೆಯುತ್ತದೆ, ಅಲ್ಲಿಯದು ಸುಮ್ಮನೆ ಕೂತವನನ್ನೂ ಒದ್ದೆ ಮಾಡುತ್ತದೆ. ಗೌರವ್ವ ಮಗಳಿಗೆಂದು ಒಂದು ಡಬ್ಬಿ ತುಂಬ ಕಡಕ್ ರೊಟ್ಟಿ ತಂದಿದ್ದಳು. ಮುಟ್ಟಿದರೆ ಚಟ್ಟನೆ ಮುರಿಯಬೇಕಾದ ರೊಟ್ಟಿ, ಮುಚ್ಚಳ ತೆಗೆದಿಟ್ಟು ಸ್ವಲ್ಪ ಹೊತ್ತಿಗೆಲ್ಲ ಒದ್ದೆ ಟವೆಲಿನ ಹಾಗೆ ಜೋತುಬಿದ್ದಿತು. “ಯಾಕೋ ನನಗ ಈ ಲಕ್ಷಣ ಛಲೋ ಕಾಣವಲ್ದು” ಅಂದಳು. ನಾನು ನಕ್ಕೆ. ನಕ್ಕೆನೇ ಹೊರತು ಒಳಗೆ ನನಗೂ ಪುಕಪುಕ ಶುರುವಾಗಿತ್ತು.

ಊಟವಾದ ಮೇಲೆ ಅಡ್ಡಾದೆ. ನೇಕಾರರ ಮನೆಯವರಿಗೆ ಒಂದು ರೋಗವಿದೆ. ಮಗ್ಗದ ಗದ್ದಲದಲ್ಲಿ ಗೊರಕೆ ಹೊಡೆಯುತ್ತೇವೆ, ಸದ್ದು ನಿಂತರೆ ಎಚ್ಚರವಾಗುತ್ತದೆ. ನಿಂತಿತೆಂದರೆ ಎಳೆ ಹರಿಯಿತು, ಇಲ್ಲವೇ ಕರೆಂಟು ಹೋಯಿತು ಎಂದೇ ಅರ್ಥ. ಸಮುದ್ರದ ಸದ್ದು ಕೇಳುತ್ತ ಕಣ್ಣು ಮುಚ್ಚಿದೆ. ಒಂದು ತೆರೆ ಬಂದು ಬಡಿಯುತ್ತಿತ್ತು, ಆಮೇಲೆ ಸ್ವಲ್ಪ ಸುಮ್ಮನಾಗುತ್ತಿತ್ತು. ಸುಮ್ಮನಾದಾಗೆಲ್ಲ ನಾನು ಧಡಕ್ಕನೆ ಎದ್ದು ಕೂಡುತ್ತಿದ್ದೆ. ಹಾಗೊಮ್ಮೆ ಎದ್ದವನು ಕಿಟಕಿಯಲ್ಲಿ ನೋಡಿದರೆ, ಬೆಳಿಗ್ಗೆ ದೂರವಿದ್ದ ನೀರು ದೋಣಿಗಳ ಹತ್ತಿರ ಬಂದಿತ್ತು. ಹೊಳೆ ಏರಿತೆಂದರೆ ಗಂಟುಮೂಟೆ ಕಟ್ಟಿ ಎತ್ತರಕ್ಕೆ ಓಡುವ ಸೀಮೆಯವನು ನಾನು. ಚೀಲಕ್ಕೆ ಅರಿವೆ ತುರುಕತೊಡಗಿದೆ. ಮಗಳು ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತು ನೋಡಿದಳು.

“ಏನ್ ಮಾಡಾಕತ್ತಿ ಅಪ್ಪಾ?”

“ನೀರು ಏರಾಕತ್ತೈತಿ ಯವ್ವಾ. ನಿಮ್ಮವ್ವನ್ನ ಎಬಸು.”

“ಅಪ್ಪಾ, ಅದು ದಿನಾ ಬರತೈತಿ, ದಿನಾ ಹೋಗತೈತಿ. ಚೀಲಾ ಕೆಳಗಿಡು.”

ಚೀಲ ಕೆಳಗಿಟ್ಟೆ. ಆದರೆ ಜಿಪ್ ಹಾಕಿಯೇ ಇಟ್ಟೆ, ಯಾವುದಕ್ಕೂ ಇರಲಿ ಎಂದು.

ಬಿಸಿಲು ಇಳಿಯುವ ಹೊತ್ತಿಗೆ ಉಡಿ ತುಂಬಲು ಹೋದೆವು. ಗೌರವ್ವ ಮರಳಿನಲ್ಲಿ ಐದು ಕಲ್ಲು ಹೂಡಿ, ಅರಿಷಿಣ ಕುಂಕುಮ ಏರಿಸಿ ಪೂಜೆ ಮಾಡಿದಳು. ಹೊಸ ಮೊರದಲ್ಲಿ ಸೀರೆ, ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಕ್ಕಿ ಎಲ್ಲ ಇಟ್ಟು, ಮೊಣಕಾಲವರೆಗೆ ನೀರಿಗಿಳಿದು ತೇಲಿಬಿಟ್ಟಳು. ಮೊರ ನಾಲ್ಕು ಮಾರು ಹೋಯಿತು. ಅವಳು ಕಣ್ಣು ಮುಚ್ಚಿ ಕೈಮುಗಿದಳು. ಕಣ್ಣು ಬಿಡುವಷ್ಟರಲ್ಲಿ ಒಂದು ತೆರೆ ಆ ಮೊರವನ್ನು ಎತ್ತಿ ತಂದು ಅವಳ ಕಾಲ ಬುಡದಲ್ಲೇ ಮಗುಚಿತು.

“ನೋಡ್ರಿ,” ಅಂದಳು, ಮುಖ ಬಿಳಿಚಿಕೊಂಡಿತ್ತು. “ವಲ್ಲೆ ಅಂದ್ಳು.”

“ಯಾರು?”

“ಗಂಗವ್ವ. ಮತ್ಯಾರು?”

“ಇದು ಹೊಳಿ ಅಲ್ಲ ಗೌರೀ, ಸಮುದ್ರ. ತೆರಿ ತಿರುಗಿ ತರತೈತಿ, ಅಷ್ಟ” ಎಂದು ತಿಳಿದವನಂತೆ ಹೇಳಿ, ಸೀರೆ ಬಳೆಗಳನ್ನು ಬಾಚಿ ಮೊರಕ್ಕೆ ಹಾಕಿಕೊಂಡು, ಚಪ್ಪಲಿ ಬಿಡುವುದನ್ನೂ ಮರೆತು ನಾನೇ ಇನ್ನೂ ಮುಂದಕ್ಕೆ ಹೋದೆ. ಸೊಂಟದವರೆಗೆ ನೀರು. ದೇವರ ಹೆಸರು ಹೇಳಿ ಮೊರವನ್ನು ದೂಡಿದೆ. ಮುಂದಿನ ತೆರೆ ನನ್ನನ್ನು ಮಕಾಡೆ ಕೆಡವಿ, ಮೊರವನ್ನು ತಲೆಯ ಮೇಲಿಂದ ದಾಟಿಸಿ ದಡಕ್ಕೆ ಎಸೆಯಿತು. ಹೋಗುವಾಗ ನನ್ನ ಎಡಗಾಲಿನ ಚಪ್ಪಲಿಯನ್ನು ಎಳೆದುಕೊಂಡು ಹೋಯಿತು. ಆ ಚಪ್ಪಲಿ ತಿರುಗಿ ಬರಲಿಲ್ಲ. ಅದರ ಹಿಮ್ಮಡಿ ಸವೆದು ಎಷ್ಟೋ ದಿನವಾಗಿತ್ತು. ಅಂಥದ್ದನ್ನು ಇಟ್ಟುಕೊಂಡು, ನಿಂತು ನೇಯಿಸಿದ ಹೊಸ ಸೀರೆಯನ್ನು ಬೇಡ ಎಂದರೆ ಯಾವ ನೇಕಾರ ತಡೆದುಕೊಂಡಾನು?

ಆಗ ನನ್ನ ಕೈಗಳು ಏನು ಮಾಡಿದವೆಂದರೆ, ನಾನು ಹೇಳದೆಯೇ ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿದವು. ಮಾಲು ವಾಪಸ್ ಬಂದಾಗ ಮಾಡುವ ಮೊದಲ ಕೆಲಸ ಅದೇ. ಮೈಯೆಲ್ಲ ಮರಳು ಮೆತ್ತಿದ, ಒಂದೇ ಚಪ್ಪಲಿಯ ಮನುಷ್ಯ ಒದ್ದೆ ಸೀರೆಯನ್ನು ಗೇಣು ಗೇಣು ಸರಿಸುತ್ತ ಮುಳುಗುವ ಸೂರ್ಯನಿಗೆ ಅಡ್ಡ ಹಿಡಿದು ನೋಡುತ್ತಿದ್ದರೆ ಊರವರು ಸೇರದೆ ಇರುತ್ತಾರೆಯೇ? ಸೇರಿದರು. ನನಗೆ ಅವರ ಕಡೆ ಗಮನವಿರಲಿಲ್ಲ. ಸೆರಗಿಗೆ ಹತ್ತಿರ ಒಂದು ಕಡೆ ಅಡ್ಡ ಎಳೆಯೊಂದು ಬಿಟ್ಟುಹೋಗಿತ್ತು. ನಾನು ಚಹಾ ಕುಡಿಯಲು ಹೋದಾಗಲೇ ಬಿಟ್ಟಿರಬೇಕು. ಕಾರಣ ಸಿಕ್ಕಿತೆಂದು ಅರೆಗಳಿಗೆ ಸಮಾಧಾನವಾಯಿತು. ಮರುಗಳಿಗೆ ಬೇರೆಯೇ ಯೋಚನೆ ಬಂತು. ಪೇಟೆಯವರು ಎಳೆ ನೋಡಿ ವಾಪಸ್ ಕಳಿಸಿದರೆ ನಷ್ಟ ನನಗೆ. ಇಲ್ಲಿ ನನ್ನ ಮಗ್ಗದ ತಪ್ಪು ಹೋಗಿ ನನ್ನ ಮಗಳ ಒಡಲಿಗೆ ತಟ್ಟಿದರೆ? ಹೀಗೆಲ್ಲ ಯೋಚಿಸುವವನು ದಡ್ಡ ಎಂದು ನನಗೂ ಗೊತ್ತು. ಗೊತ್ತಿದ್ದರೂ ಆ ಭಯ ನನ್ನನ್ನು ಬಿಡಲಿಲ್ಲ.

ಗೌರವ್ವ ಮರಳಿನ ಮೇಲೆ ಕೂತುಬಿಟ್ಟಳು. “ನಾಳೆ ಕಾರು ಬ್ಯಾಡ ಅಂತ ಹೇಳ್ರಿ. ಆಕಿ ವಲ್ಲೆ ಅಂದಮ್ಯಾಲ ಘಟ್ಟದ ರಸ್ತಾದಾಗ ನನ್ನ ಮಗಳನ್ನ ನಾ ಕರಕೊಂಡು ಹೋಗಂಗಿಲ್ಲ” ಎಂದು ಅಳತೊಡಗಿದಳು. ಅವಳು ಅತ್ತದ್ದು ನೋಡಿ ಮಗಳ ಕಣ್ಣಲ್ಲೂ ನೀರು. ಅಳಿಯಂದಿರು ನನ್ನ ಮುಖ ನೋಡಿದರು. ನಾನು ಸೀರೆಯ ಮುಖ ನೋಡಿದೆ.

ಅಷ್ಟರಲ್ಲಿ ಗುಂಪಿನಿಂದ ಪಕ್ಕದ ಮನೆಯ ಮಾದೇವಿ ಬಂದಳು. ಅವಳ ಗಂಡ, ಇಬ್ಬರು ಮಕ್ಕಳು ದೋಣಿಯ ಮೇಲೆ ಹೋಗುವವರು. ಆಗಿದ್ದನ್ನೆಲ್ಲ ಸವಿತಾಳಿಂದ ಕೇಳಿ ತಿಳಿದುಕೊಂಡವಳೇ ಜೋರಾಗಿ ನಕ್ಕಳು.

“ಅಯ್ಯೋ ಅಮ್ಮಾ, ಇದಕ್ಕೆ ಎಂತಕ್ಕೆ ಅಳೂದು? ನಮ್ಮನೆ ಗಂಡಸ್ರು ದಿನಾ ಇದರ ಮೇಲೇ ಹೋಗ್ತಾರೆ. ವಾಪಸ್ ಕಳ್ಸು ತಾಯಿ ಅಂತ ಬಿಟ್ರೆ ನಾವು ಬೇರೆ ಎಂತ ಕೇಳ್ಕಂತೇವೆ? ನೀವು ಎರಡು ಸಲ ಬಿಟ್ರೆ ಎರಡು ಸಲವೂ ತಂದು ಕೈಗೇ ಕೊಡ್ತಲ್ಲ! ತಾಯಿ ಒಂದು, ಮಗು ಒಂದು, ಎರಡೂ ಸುಸೂತ್ರ ವಾಪಸ್ ಬರ್ತದೆ ಅಂತ ಅಲ್ವಾ ಅದು? ಅಳೂದು ಬಿಟ್ಟು ನಮಗೆಲ್ಲ ಸಕ್ಕರೆ ಹಂಚಿ.”

ಗೌರವ್ವ ಅಳುವುದನ್ನು ನಿಲ್ಲಿಸಿ, “ಖರೇನಾ?” ಅಂದಳು. “ಖರೇನಾ ಬೇ?” ಎಂದು ಮತ್ತೊಮ್ಮೆ ಕೇಳಿದಳು. ಸುತ್ತ ನಿಂತ ಹೆಂಗಸರೆಲ್ಲ ಹೌದು ಹೌದು ಅಂದರು. ನನ್ನ ಆಯುಷ್ಯದಲ್ಲಿ ವಾಪಸ್ ಎಂಬ ಮಾತಿಗೆ ಇಷ್ಟು ಜನ ಸಂತೋಷಪಟ್ಟಿದ್ದನ್ನು ನಾನು ಕಂಡಿರಲಿಲ್ಲ. ಸಕ್ಕರೆ ತರಲು ಒಂದೇ ಚಪ್ಪಲಿಯಲ್ಲಿ ಅಂಗಡಿಗೆ ಓಡಿದೆ.

ಘಟ್ಟ ಹತ್ತಿ ಮಗಳು ಕ್ಷೇಮವಾಗಿ ಮನೆಗೆ ಬಂದಳು. ಸಮುದ್ರ ತಿರುಗಿ ಕೊಟ್ಟ ಸೀರೆ ಪ್ರಸಾದವಾಯಿತೆಂದು ಗೌರವ್ವ ಕುಬಸಕ್ಕೆ ಅದನ್ನೇ ಉಡಿಸಿದಳು. ಬಂದ ಹೆಂಗಸರೆಲ್ಲ ಬನಹಟ್ಟಿಯವರು, ಅವರ ಕಣ್ಣಿಂದ ಬಿಟ್ಟ ಎಳೆ ತಪ್ಪಿಸಿಕೊಳ್ಳುವುದುಂಟೇ? ನಾನು ಮೂಲೆಯಲ್ಲಿ ಬೆವರುತ್ತ ಕೂತಿದ್ದೆ. ನನ್ನ ಸೋದರತ್ತೆ ಸೆರಗು ಹಿಡಿದು ತಿಕ್ಕಿ ನೋಡಿ, “ಇಲ್ಲೊಂದು ಎಳಿ ಬಿಟ್ಟೈತಲ್ಲೋ ತಮ್ಮಾ” ಎಂದೇಬಿಟ್ಟಳು. “ಇರ್ಲಿ ಬಿಡ್ರಿ ಅತ್ತಿ, ದೃಷ್ಟಿಬೊಟ್ಟು ಇಟ್ಟಂಗ ಆತು” ಅಂದಳು ಗೌರವ್ವ. ನಲವತ್ತು ವರ್ಷ ವ್ಯಾಪಾರಿಗಳಿಗೆ ಸಮಜಾಯಿಷಿ ಕೊಟ್ಟ ನನಗೆ ಈ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಮೊಮ್ಮಗಳು ಹುಟ್ಟಿದಳು. ಮಗ್ಗದ ಸದ್ದಿಗೆ ಮಲಗುತ್ತಿದ್ದಳು, ನಿಂತರೆ ಎದ್ದು ಅಳುತ್ತಿದ್ದಳು. ನಮ್ಮದೇ ರಕ್ತ, ಅನುಮಾನವಿಲ್ಲ. ಐದು ತಿಂಗಳು ತುಂಬಿದ ಮೇಲೆ ಅಳಿಯಂದಿರು ಬಂದು ಇಬ್ಬರನ್ನೂ ಕರೆದುಕೊಂಡು ಹೊರಟರು. ಊರು ಮುಟ್ಟಿದ ಸುದ್ದಿ ಹೇಳಲು ಮಗಳ ಫೋನು ಬಂದಾಗ ಹಿಂದಿನಿಂದ ಮಾದೇವಿಯ ದನಿ ಕೇಳಿಸಿತು: “ನಾ ಹೇಳಿರ್ಲಿಲ್ವಾ, ಎರಡೂ ವಾಪಸ್ ಬಂತಲ್ಲ!” ಆಗ ನನಗೆ ತಿಳಿಯಿತು. ವಾಪಸ್ ಎಂದರೆ ಎಲ್ಲಿಗೆ, ನಮ್ಮ ಮನೆಗೋ ಅವರ ದಂಡೆಗೋ ಎಂದು ಅವತ್ತು ನಾನು ಕೇಳಲೇ ಇಲ್ಲ.

ಮೊನ್ನೆ ಬಾಗಿಲ ಮುಂದೆ ಆಟೋ ನಿಂತ ಸದ್ದಾಯಿತು. ಹೇಳದೆ ಕೇಳದೆ ಮಗಳೇ ಬಂದಳೇನೋ ಎಂದು ಊಟದ ಕೈಯಲ್ಲೇ ಓಡಿದೆ. ನೋಡಿದರೆ ಪೇಟೆಯಿಂದ ತಿರುಗಿ ಬಂದ ಸೀರೆಯ ಗಂಟು. “ಏನ್ರಿ ಕಾಕಾ, ಹೊಳ್ಳಿ ಬಂತೇನ್ರಿ?” ಎಂದು ಎದುರು ಮನೆಯವನು ಕೇಳಿದ. ಗಂಟನ್ನು ಒಳಗೆ ಎಳೆದುಕೊಳ್ಳುವುದನ್ನೂ ಮರೆತು ಅಲ್ಲೇ ನಿಂತೆ. “ಇಲ್ಲೋ ತಮ್ಮಾ,” ಅಂದೆ, “ಬರೇ ಮಾಲು ಬಂತು.”