ಬೇವಿನ ಮರದಡಿಯ ಹಡಗು

ಕೈಯಲ್ಲಿ ಅಳತೆ ಟೇಪು ಹಿಡಿದ ಗಂಡಸಿಗೆ ಬುದ್ಧಿ ಹೇಳಲು ಹೋಗಬಾರದು. ಆ ಹೊತ್ತಿನಲ್ಲಿ ಅವನು ತನ್ನನ್ನು ಎಂಜಿನಿಯರ್ ಎಂದೇ ನಂಬಿರುತ್ತಾನೆ. ನಾನಂತೂ ಶಾಲೆಯ ಗಣಿತವನ್ನು ಮೇಷ್ಟ್ರ ದಯೆಯಿಂದ ದಾಟಿದವನು. ನನ್ನ ನಂಬಿಕೆ ಇನ್ನೂ ಗಟ್ಟಿ.

ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ, ಕೂಲಿ ನೇಕಾರರು ದುಡಿಯುವ ನನ್ನ ಕರೆಂಟು ಮಗ್ಗದ ಶೆಡ್ಡು ಇದೆ. ಬೀದಿಯಲ್ಲಿ ಲಾರಿ, ಮನೆಯೊಳಗೆ ಅಮ್ಮನ ಸೀರಿಯಲ್ಲು. ಹೀಗಾಗಿ ಮಗಳು ಹರಿಣಿ ಮತ್ತು ಅವಳ ಪಟಾಲಂ ಆಡುತ್ತಿದ್ದುದು ಓಡುವ ಮಗ್ಗಗಳ ನಡುವೆ. ಒಂದು ದಿನ ಮಗ್ಗದಿಂದ ಹಾರಿದ ಲಾಳಿ ಹರಿಣಿಯ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಗೆ ಬಡಿಯಿತು. ಹೆಂಡತಿ ಕೂಗಾಡಲಿಲ್ಲ. ಹೋಗಿ ಮೇನ್ ಸ್ವಿಚ್ ಆರಿಸಿದಳು. "ಮಕ್ಕಳು ಆಡಕ್ಕೆ ಬೇರೆ ಜಾಗ ಮಾಡಿ. ಅದುವರೆಗೂ ಒಂದು ತರಿನೂ ಓಡಬಾರದು" ಅಂದಳು. ತರಿ ಎಂದರೆ ಮಗ್ಗವೇ. ನಮ್ಮ ಮನೆಮಾತು ಕನ್ನಡ, ಆದರೆ ಸಿಟ್ಟು ಬಂದಾಗ ತಮಿಳೂ ಕೈಜೋಡಿಸುತ್ತದೆ.

ಫೋನಿನಲ್ಲಿ ಆಟದ ಅಂಗಳಗಳನ್ನು ನೋಡಿದೆ. ಜಾಗಕ್ಕೆ ತಕ್ಕಂತೆ, ಅಲ್ಲೇ ಸಿಗುವ ಸಾಮಾನಿನಲ್ಲಿ ಕಟ್ಟಬೇಕಂತೆ. ನಮ್ಮ ಹಿತ್ತಲಲ್ಲಿ ಸಿಗುವುದು ಒಂದು ಬೇವಿನ ಮರ, ಒಂದು ಕೆಟ್ಟ ಮಗ್ಗ. ಸರಿ, ಹಡಗು ಕಟ್ಟಲು ನಿರ್ಧರಿಸಿದೆ. ಸಮುದ್ರ ನೋಡಿದವನಲ್ಲ, ಅದರಿಂದ ಧೈರ್ಯ ಹೆಚ್ಚೇ ಇತ್ತು. ಹಾಸುನೂಲು ಸುತ್ತುವ ಉರುಳೆ ಹಾಯಿಕಂಬವಾಯಿತು, ಮಗ್ಗದ ಹಳೆಯ ಬೆಲ್ಟು ಉಯ್ಯಾಲೆಯಾಯಿತು. ಚೂಪಾದುದನ್ನೆಲ್ಲ ಉಜ್ಜಿ ಉಜ್ಜಿ ನನ್ನ ಸೊಂಟವೇ ಸವೆಯಿತು. ಅಮ್ಮ ಬಂದು ಸುತ್ತಲೂ ನೋಡಿ, "ಚೆನ್ನಾಗಿದೆ ಕಣಪ್ಪಾ, ಎಮ್ಮೆ ಯಾವಾಗ ಬರುತ್ತೆ?" ಅಂದಳು.

ಹಡಗು ಹತ್ತಿದ ಮಕ್ಕಳು ಶೆಡ್ಡಿನ ಕಡೆ ತಿರುಗಿ ನೋಡಲಿಲ್ಲ. ಹೆಂಡತಿ ಸ್ವಿಚ್ ಹಾಕಿದಳು. ನಾನು ಗೆದ್ದೆ. ಒಂದು ಸಂಜೆ ಅವರ ಸಮುದ್ರಯಾನ ನೋಡೋಣವೆಂದು ಹೋದರೆ, ಇಬ್ಬರು ಎದುರುಬದುರು ನಿಂತು ನೂಲು ಸುತ್ತುವ ಖಾಲಿ ಕೋನೊಂದನ್ನು ಲಾಳಿಯಂತೆ ಆಚೆ ಈಚೆ ಎಸೆಯುತ್ತಾ "ಟಕ್ ಟಕ್" ಅನ್ನುತ್ತಿದ್ದರು. ಮತ್ತೊಬ್ಬಳು ಹರಿದ ನೂಲಿಗೆ ಗಂಟು ಹಾಕುತ್ತಿದ್ದಳು. "ಕರೆಂಟು ಹೋಯ್ತು" ಎಂದು ಯಾರೋ ಕೂಗಿದ್ದೇ ತಡ, ಎಲ್ಲರೂ ಬಿದ್ದುಕೊಂಡು ಗೊರಕೆ ಹೊಡೆದರು. ಪಕ್ಕದ ಮನೆಯ ಪವಿತ್ರಾ ಒಬ್ಬಳೇ ಕೈ ಹಿಂದೆ ಕಟ್ಟಿಕೊಂಡು, ಹರಳೆಣ್ಣೆ ಕುಡಿದ ಮುಖದಲ್ಲಿ ಸುತ್ತುತ್ತಿದ್ದಳು.

"ಆಟದಲ್ಲಿ ಅವಳು ಯಾರು?" ಎಂದೆ.

"ಓನರ್ ಅಪ್ಪಾ" ಅಂದಳು ಹರಿಣಿ. "ಸೋತೋರು ಓನರ್ ಆಗಬೇಕು. ಓನರ್‌ಗೆ ವೇಲೆನೇ ಇಲ್ವಲ್ಲ, ಒಂದು ಕೆಲಸನೂ ಇಲ್ಲ. ಸುಮ್ನೆ ಸುತ್ತಿ ಸುತ್ತಿ ಬೈಬೇಕು. ಯಾರಿಗೂ ಇಷ್ಟ ಇಲ್ಲ."

ನನಗೆ ರೇಗಿಹೋಯಿತು. "ಸೊಂಟ ಮುರ್ಕೊಂಡು ಹಡಗು ಕಟ್ಟಿಕೊಟ್ಟರೆ ಎಲ್ಲರೂ ಮಲಗಿದೀರಾ? ಏಳಿ ಮೇಲೆ. ಯಾಕೆ ನಿಲ್ಸಿದೀರಾ? ಓಡಿಸಿ" ಎಂದು ಗದರಿದೆ.

ಪವಿತ್ರಾಳ ಮುಖ ಅರಳಿತು. "ಮಾಮ ನನಗಿಂತ ಚೆನ್ನಾಗಿ ಆಡ್ತಾರೆ. ಇನ್ಮೇಲೆ ಅವರೇ ಓನರ್ ಆಗಿರಲಿ" ಎಂದು ಹಡಗು ಹತ್ತಿಬಿಟ್ಟಳು. ಎಲ್ಲರೂ ನಗುತ್ತಾ ಎದ್ದು ಕೆಲಸ ಶುರುಮಾಡಿದರು.

ಈಗ ದಿನಾ ಸಂಜೆ ಹಿತ್ತಲಿನಲ್ಲಿ ನನಗೆ ಡ್ಯೂಟಿ. ನಾನು ಬೈದಷ್ಟೂ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನನಗೂ ಖುಷಿಯೇ. ಆದರೆ ಶೆಡ್ಡಿನಲ್ಲಿ ನಾನು ಬೈಯುವಾಗ ನನ್ನ ನೇಕಾರರು ಗೋಡೆಯ ಕಡೆ ಮುಖ ತಿರುಗಿಸುತ್ತಾರಲ್ಲ, ಅದು ಭಯಕ್ಕೆಂದೇ ಇಷ್ಟು ವರ್ಷ ತಿಳಿದಿದ್ದೆ.