ಹಾರ್ನ್ ಕಿತ್ತಿಟ್ಟ ದೊಡ್ಡಪ್ಪ

ನನ್ನ ದೊಡ್ಡಪ್ಪನ ಹತ್ತಿರ ಕಾರು ಕಲಿಯಲು ಹೋದರೆ ಮೊದಲ ತಿಂಗಳು ಸವೆಯುವುದು ಟೈರಲ್ಲ, ಚಪ್ಪಲಿ! ನಾನು ಎರಡು ಜೊತೆ ಸವೆಸಿದ್ದೇನೆ. ಉತ್ಪ್ರೇಕ್ಷೆ ಎನ್ನುವಿರಾ? ಸರಿ, ಒಂದೂವರೆ ಜೊತೆ ಎಂದಿಟ್ಟುಕೊಳ್ಳಿ. ಎಡಗಾಲಿನದೊಂದು ಇನ್ನೂ ಮನೆಯಲ್ಲಿದೆ.

ದೊಡ್ಡಪ್ಪ ಬಸ್ ಚಾಲಕರಿಗೆ ತರಬೇತಿ ಕೊಟ್ಟು ನಿವೃತ್ತರಾದವರು. ವಿಜಯನಗರ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ. ಎಂಬತ್ತರ ದಶಕದ ನಡುವಿನಲ್ಲಿ, ನಾನು ಎಂ.ಎಸ್ಸಿ. ಓದುತ್ತಿದ್ದಾಗ, ಅಪ್ಪ ಹಳೆಯ ಫಿಯಟ್ ಕಾರೊಂದನ್ನು ಕೊಂಡರು. ಕೊಂಡ ಮೇಲೆ ಓಡಿಸಲು ಧೈರ್ಯ ಬರಲಿಲ್ಲ. ನನಗೋ ವಿಪರೀತ ಆಸೆ. ಯಾರಿಗೂ ಹೇಳಿರಲಿಲ್ಲ, ಆದರೆ ಬಸ್ಸಿನಲ್ಲಿ ಕೂತಾಗಲೂ ಎಡಗಾಲು ಕ್ಲಚ್ ಹುಡುಕುತ್ತಿತ್ತು.

"ನಿಮ್ಮ ದೊಡ್ಡಪ್ಪ ಹೂಂ ಅಂದ್ರೆ ಕಾರು ನಿಂದು. ಇಲ್ಲಾಂದ್ರೆ ಯುಗಾದಿಗೆ ಮಾರಿಬಿಡ್ತೀನಿ" ಎಂದರು ಅಪ್ಪ.

ಮೊದಲ ಪಾಠ, ನಮ್ಮ ಅಜ್ಜಿಯ ಕೈಹಿಡಿದು ಕಾರ್ಡ್ ರಸ್ತೆ ದಾಟುವುದು. ಅಜ್ಜಿಯ ಹೆಜ್ಜೆಯಲ್ಲೇ, ಎಳೆಯದೆ. ಎಣಿಸಿದೆ: ಅರವತ್ತೆರಡು ಹೆಜ್ಜೆ! ಇಪ್ಪತ್ತನೆಯದರಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಅಜ್ಜಿ ನಡುರಸ್ತೆಯಲ್ಲಿ ನಿಂತೇಬಿಟ್ಟರು.

"ಯಾಕಜ್ಜಿ ನಿಂತ್ಕೊಂಡ್ರಿ?"

"ಅವನು ಕರೆದ್ನಲ್ಲೇ, ಏನು ಅಂತ ಕೇಳೋಣ ಅಂತ!"

ಆಚೆ ಬದಿಯಿಂದ ದೊಡ್ಡಪ್ಪ ಕೂಗಿದರು: "ನೋಡಿದ್ಯಾ? ಹಾರ್ನ್ ಹೊಡೆದ್ರೆ ದಾರಿ ಬಿಡ್ತಾರೆ ಅಂತ ಯಾರೇ ಹೇಳಿದ್ದು?"

ಎರಡನೆಯ ಪಾಠಕ್ಕೆ ಪರಿಚಯದ ಸೌತೆಕಾಯಿಯವನ ತಳ್ಳುಗಾಡಿ. ಅದನ್ನು ಮಾಗಡಿ ರಸ್ತೆಯ ಏರಿನಲ್ಲಿ ನಾನು ತಳ್ಳಬೇಕು.

"ಇದಕ್ಕೆ ಬ್ರೇಕ್ ಎಲ್ಲಿ, ದೊಡ್ಡಪ್ಪ?"

"ಹಿಂದೆ ಬರ್ತಾ ಇದಾನಲ್ಲ ಕಾರಿನವನು, ಅವನೇ ಇದರ ಬ್ರೇಕು!"

ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮುಂದೆ ನೋಡಿದರೆ ನನ್ನ ಪ್ರೊಫೆಸರು! ಅವರು ನಿಧಾನವಾಗಿ ಎರಡು ಸೌತೆಕಾಯಿ ಆರಿಸಿಕೊಂಡು, ಅತ್ಯಂತ ಕನಿಕರದಿಂದ, "ಪರೀಕ್ಷೆ ಮುಗಿಯೋವರೆಗಾದ್ರೂ ಕಾಯಬಹುದಿತ್ತಲ್ಲಮ್ಮ" ಎಂದರು.

ಕೊನೆಗೂ ಸ್ಟೀರಿಂಗ್ ಮುಂದೆ ಕೂತೆ. ಹಾರ್ನ್ ಒತ್ತಿದರೆ ಸದ್ದೇ ಇಲ್ಲ! ದೊಡ್ಡಪ್ಪ ವೈರು ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. "ಹಾರ್ನ್ ಇದ್ರೆ ಕಣ್ಣು ಸೋಮಾರಿ ಆಗುತ್ತೆ ಕಣೇ." ತರಗತಿಯಲ್ಲಿ ಹಾಜರಿ ಕೂಗಿದರೆ ಕೈ ಮಾತ್ರ ಎತ್ತುತ್ತಿದ್ದ ನಾನು, ಕಿಟಕಿಯಿಂದ ತಲೆ ಹೊರಹಾಕಿ, "ಅಣ್ಣಾ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಎಂದು ಬಸವೇಶ್ವರನಗರದ ಉದ್ದಕ್ಕೂ ಬೇಡಿಕೊಂಡೆ. ಒಮ್ಮೆ ಎಮ್ಮೆಗೂ ಹಾಗೆಯೇ ಕೇಳಿದೆ. ಅದೊಂದೇ ನನ್ನನ್ನು ನೋಡಿ ನಗಲಿಲ್ಲ.

ಯುಗಾದಿಗೆ ಎರಡು ದಿನವಿತ್ತು. ಕೊನೆಯ ಪರೀಕ್ಷೆ, ಕೆಂಗೇರಿಗೆ ಹೋಗಿ ಬರುವುದು. ಹೋಗುವಾಗ ದೊಡ್ಡಪ್ಪ ಹತ್ತು ಸಲ "ಬ್ರೇಕ್" ಎಂದರು. ಬರುವಾಗ ಒಂದು ಮಾತೂ ಇಲ್ಲ. ನನ್ನ ಮೇಲೆ ಆಸೆಯನ್ನೇ ಬಿಟ್ಟರೇ? ರಸ್ತೆಯಿಂದ ಕಣ್ಣು ತೆಗೆದು ಅವರ ಮುಖ ನೋಡುವಂತೆಯೂ ಇರಲಿಲ್ಲ.

ಹೊಸಹಳ್ಳಿಯಲ್ಲಿ ಬಸ್ಸೊಂದು ನಿಂತಿತ್ತು. ದೊಡ್ಡಪ್ಪ ಕಲಿಸಿದಂತೆ ಅದರ ಅಡಿಗೆ ಕಣ್ಣು ಹಾಯಿಸಿದೆ. ಆಚೆ ಬದಿಯಲ್ಲಿ ಎರಡು ಹವಾಯಿ ಚಪ್ಪಲಿಗಳು ಮುಂದಕ್ಕೆ ನಡೆಯುತ್ತಿದ್ದವು! ಮೆಲ್ಲಗೆ ಕಾರು ನಿಲ್ಲಿಸಿದೆ. ಬಸ್ಸಿನ ಮುಂದಿನಿಂದ ಹೆಂಗಸೊಬ್ಬಳು ಕೂಸನ್ನೆತ್ತಿಕೊಂಡು ಬಂದು, ನನ್ನತ್ತ ನೋಡದೆಯೇ ದಾಟಿ ಹೋದಳು. ಮೆಚ್ಚುಗೆಗಾಗಿ ಪಕ್ಕಕ್ಕೆ ತಿರುಗಿದರೆ, ದೊಡ್ಡಪ್ಪ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು.

ಮನೆಯ ಮುಂದೆ ಅಪ್ಪ, ದೊಡ್ಡಮ್ಮ ಇಬ್ಬರೂ ಕಾಯುತ್ತಿದ್ದರು.

"ಹೂಂ ಅಂದ್ರಾ?" ಎಂದರು ಅಪ್ಪ.

"ಏನೂ ಹೇಳಿಲ್ಲಪ್ಪ. ಮಲಗಿಬಿಟ್ಟಿದಾರೆ."

ದೊಡ್ಡಮ್ಮ ಕಿಟಕಿಯಲ್ಲಿ ಇಣುಕಿದರು. ಆಮೇಲೆ ದನಿ ತಗ್ಗಿಸಿ, "ಮದುವೆ ಆಗಿ ಮೂವತ್ತೈದು ವರ್ಷ ಆಯ್ತು. ಬೇರೆಯೋರು ಓಡಿಸೋ ಗಾಡೀಲಿ ಇವರು ಕಣ್ಣು ಮುಚ್ಚಿದ್ದು ನಾನು ನೋಡೇ ಇಲ್ಲ ಕಣೇ" ಎಂದರು.

ಅಪ್ಪ ದಾರಿ ಬಿಟ್ಟು ಬದಿಗೆ ಸರಿದರು.

ಎಂಜಿನ್ ಆರಿಸಿದರೆ ದೊಡ್ಡಪ್ಪನಿಗೆ ಎಚ್ಚರವಾದೀತು. ಮೆತ್ತಗೆ ಮೊದಲ ಗೇರಿಗೆ ಹಾಕಿ, ಇನ್ನೊಂದು ಸುತ್ತು ಹೊರಟೆ.