ಗೇಟಿಗೆ ಸಿಕ್ಕಿಸಿದ ಲಗ್ನಪತ್ರಿಕೆ

ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವವರನ್ನು ಕೆಲವರು ಸಂಕೋಚದವರೆನ್ನುತ್ತಾರೆ, ಉಳಿದವರು ಜಂಬದವರೆನ್ನುತ್ತಾರೆ. ನಾನು ಎರಡನೆಯ ಹೆಸರಿನಲ್ಲೇ ಬಾಳಿದವಳು. ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡುವಾಗ ಅರವತ್ತು ಮಕ್ಕಳೆದುರು ಒಮ್ಮೆಯೂ ನಡುಗದ ದನಿ, ಬಸ್ಸಿನಲ್ಲಿ ‘ಸ್ವಲ್ಪ ನಿಲ್ಲಿಸಿ’ ಎನ್ನಬೇಕಾದಾಗ ಗಂಟಲಲ್ಲೇ ಉಳಿದುಬಿಡುತ್ತದೆ. ಒಮ್ಮೆ ಚನ್ನರಾಯಪಟ್ಟಣದಿಂದ ಬರುವಾಗ ನನ್ನ ನಿಲ್ದಾಣ ದಾಟಿದರೂ ಕಂಡಕ್ಟರನ್ನು ಕೂಗಲಾರದೆ, ಮುಂದೆಲ್ಲೋ ಯಾರೋ ಇಳಿದಾಗ ಅವರ ಬೆನ್ನಿಗೇ ಇಳಿದು ಎರಡು ಮೈಲಿ ಹಿಂದಕ್ಕೆ ನಡೆದಿದ್ದೇನೆ. ಎದುರಾದ ಪರಿಚಿತರಿಗೆ ‘ವಾಕಿಂಗ್’ ಎಂದೆ.

ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಪತ್ರಿಕೆ ತಲುಪಿಸುವುದಲ್ಲ. ಒಳಗೆ ಹೋಗಿ ಕುಳಿತು, ಅರಿಶಿನ ಕುಂಕುಮ ಕೊಟ್ಟು, ಅವರು ಕೊಟ್ಟದ್ದನ್ನು ತಿಂದು, ‘ಎಲ್ಲರೂ ಮುಂಚಿತವಾಗಿ ಬರಬೇಕು’ ಎಂದು ಬಾಯಿತುಂಬ ಹೇಳಬೇಕು. ಮಗಳ ಮದುವೆಗೆ ನನ್ನ ಗಂಡನ ಅಕ್ಕ ಪುಟ್ಟಲಕ್ಷ್ಮಮ್ಮನವರನ್ನು ಕರೆಯಲು ಹಾಸನದಿಂದ ಹಳೇಕೋಟೆಗೆ ಒಬ್ಬಳೇ ಹೋದೆ. ಒಳಗಿನಿಂದ ಏಳೆಂಟು ಜನರ ನಗು ಕೇಳಿಸಿತು. ಗೇಟು ತೆರೆಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದೆ. ಪತ್ರಿಕೆಯನ್ನು ಗೇಟಿನ ಕಂಬಿಗೆ ಸಿಕ್ಕಿಸಿ ಸಿಕ್ಕಿದ ಬಸ್ಸು ಹತ್ತಿದೆ.

ಸಂಜೆಯೇ ನನ್ನ ಗಂಡನಿಗೆ ಫೋನು ಬಂತು. “ಕರಂಟು ಬಿಲ್ಲು ಸಿಕ್ಕಿಸ್ದಂಗೆ ಸಿಕ್ಕಿಸಿ ಓಗವ್ಳೆ ಕಣ್ಲಾ ನಿನ್ನೆಂಡ್ತಿ! ನಾನು ಬರಾಕಿಲ್ಲ.”

ಮಗಳು ಅಳುತ್ತಾ ಕುಳಿತಳು. “ಸೋದರತ್ತೆ ಬರದಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲಮ್ಮ.”

ಹಾಸನದ ಮನೋವೈದ್ಯರೊಬ್ಬರನ್ನು ಕಂಡೆ. ಅವರು ಹೇಳಿದ್ದು ಇಷ್ಟೇ: ಓಡಿಬಂದಾಗ ಸಿಗುವ ನೆಮ್ಮದಿಯೇ ಮುಂದಿನ ಸಲದ ಭಯಕ್ಕೆ ಮೇವು, ಓಡದೆ ಕುಳಿತರೆ ಭಯ ತಾನಾಗಿಯೇ ಇಳಿಯುತ್ತದೆ. ಕುಳಿತೇ ತೀರುವುದೆಂದು ನಿಶ್ಚಯಿಸಿ ಮರುದಿನವೇ ಹೊರಟೆ. ಆಡಬೇಕಾದ ವಾಕ್ಯಗಳನ್ನು ಪೂರ್ಣವಿರಾಮ ಸಹಿತ ಬರೆದುಕೊಂಡಿದ್ದೆ. ಬಾಗಿಲು ತೆರೆದ ಕೂಡಲೇ ಎಲ್ಲವೂ ಮರೆತುಹೋಯಿತು.

“ಅತ್ತಿಗೆ, ಅವತ್ತು ಒಳಗೆ ಬರೋದಕ್ಕೆ ಭಯವಾಯಿತು. ಜಂಬ ಅಲ್ಲ,” ಎಂದೆ.

ಅವರು ನನ್ನನ್ನು ಒಳಗೆ ಬಿಟ್ಟು ಅಡುಗೆಮನೆಗೆ ಹೋದರು. ನಾನು ಸೋಫಾದ ಅಂಚು ಹಿಡಿದು ಕುಳಿತೆ. ಓಡಲಿಲ್ಲ. ಎದೆಬಡಿತ ನಿಧಾನವಾಗುವ ಹೊತ್ತಿಗೆ ಕೋಡುಬಳೆಯ ತಟ್ಟೆಯೊಂದಿಗೆ ಬಂದರು.

“ಅವತ್ತು ಕಿಟ್ಕೀಲಿ ನೋಡ್ದೆ ಕಣವ್ವ ನಿನ್ನ. ಕರೆಯಾನ ಅಂತ ಎದ್ದೋಳು ಅಂಗೇ ಕೂತ್ಬುಟ್ಟೆ.”

“ಯಾಕೆ ಅತ್ತಿಗೆ?”

“ನಿನ್ಮುಂದೆ ಬಾಯ್ಬಿಡಾಕೆ ನಂಗೂ ಎದ್ರಿಕೆ. ನೀನು ಒಸ ಮದುವಣಗಿತ್ತಿಯಾಗಿ ಬಂದಾಗ ನಾನು ‘ಅನ್ನ ಆಕ್ಲಾ?’ ಅಂದೆ. ಪಂಕ್ತಿ ಎದುರ್ಗೇ ನೀನು ‘ಹಾಕಲಾ ಅನ್ನಿ’ ಅಂತ ತಿದ್ಬುಟ್ಟೆ. ಅವತ್ತಿಂದ ನೀನು ಬಂದ್ರೆ ನಾನು ಅಡುಗೆಮನೆ ಬುಟ್ಟು ಆಚೆಗೆ ಬರಾದಿಲ್ಲ, ಗೊತ್ತಾ?”

ಗೊತ್ತಿರಲಿಲ್ಲ. ಅವರಿಗೆ ನನ್ನನ್ನು ಕಂಡರಾಗುವುದಿಲ್ಲವೆಂದೇ ಇಷ್ಟು ವರ್ಷ ನಂಬಿದ್ದೆ. ತಲೆತಗ್ಗಿಸಿ “ತಪ್ಪಾಯಿತು” ಎಂದೆ. ಕುಂಕುಮ ಕೊಟ್ಟು, ‘ಎಲ್ಲರೂ ಮುಂಚಿತವಾಗಿ ಬರಬೇಕು’ ಎಂದೆ.

“ಮೂರು ದಿನ ಮೊದ್ಲೇ ಬತ್ತೀನಿ ಓಗು. ಬಂದೋರ್ನ ನಾನು ಮಾತಾಡಿಸ್ಕತೀನಿ, ನೀನು ಒಳಗೇ ಇದ್ಬುಡು.”

ಎದೆ ಎಷ್ಟು ಹಗುರಾಯಿತೆಂದರೆ, ಇನ್ನೇನು ಒಪ್ಪಿಬಿಡುವುದರಲ್ಲಿದ್ದೆ. ಆದರೆ ಮಗಳ ಮದುವೆಯಲ್ಲಿ ತಾಯಿ ಉಗ್ರಾಣದಲ್ಲಿ ಅಡಗುವುದೇ? “ಇಲ್ಲ ಅತ್ತಿಗೆ. ಛತ್ರದ ಬಾಗಿಲಲ್ಲಿ ನಾನೂ ನಿಲ್ಲುತ್ತೇನೆ.”

“ನಿಂತ್ಕೊ. ಆದ್ರೆ ಯಾರ್ನೂ ತಿದ್ಬ್ಯಾಡ.”

ಈಗ ದಿನವೂ ಕನ್ನಡಿಯೆದುರು ಪನ್ನೀರುದಾನಿ ಹಿಡಿದು ‘ಬನ್ನಿ, ಬನ್ನಿ’ ಎಂದು ಅಭ್ಯಾಸ ಮಾಡುತ್ತಿದ್ದೇನೆ. ಆ ಭಾಗ ಒಂದು ಹದಕ್ಕೆ ಬಂದಿದೆ. ಬಂದವರು ಉತ್ತರ ಕೊಟ್ಟ ಮೇಲೆ ತಿದ್ದದೆ ಸುಮ್ಮನಿರುವ ಭಾಗವೇ ಇನ್ನೂ ಬಾಕಿ.